ಗಿರಣಿ ಮುದಕಪ್ಪನ ಅಣಬೆ ಪಲ್ಯ

ಗಿರಣಿ ಮುದಕಪ್ಪ ಆ ಸೋಮವಾರ ಬೆಳಿಗ್ಗೆ ತಂಬಿಗೆ ಹಿಡಿದು ಎಂದಿನ ಜಾಗಕ್ಕೇ ಹೋಗಿದ್ದರೆ ಯಾವ ಗೋಳೂ ಇರುತ್ತಿರಲಿಲ್ಲ. ಆದರೆ ಎಪ್ಪತ್ತೆಂಟನೇ ಇಸವಿಯ ಮುಂಗಾರಿನ ಮಿರಗದ ಮಳೆ ಹಿಂದಿನ ರಾತ್ರಿ ಗುಡುಗು ಸಮೇತ ಬಂದು ಕೆರೂರಿನ ಬಯಲನ್ನೆಲ್ಲ ಕೆಸರು ಮಾಡಿ ಹೋಗಿತ್ತು. ಕೂತರೆ ಏಳುವ ಭರವಸೆ ಇಲ್ಲದ ಆ ಕೆಸರನ್ನು ನೋಡಿ ಮುದಕಪ್ಪ ಹಳ್ಳ ದಾಟಿ ಆಚೆ ದಂಡೆಗೆ ನಡೆದ. ಅಲ್ಲಿ ಜಾಲಿಗಿಡದ ಬುಡದಲ್ಲಿ ಒಂದು ಹಳೆಯ ಹುತ್ತ, ಹುತ್ತದ ಸುತ್ತ ಬೆಳ್ಳನೆಯ ಅಣಬೆ. ಕೆಲವು ಕೊಡೆ ಬಿಚ್ಚಿದ್ದವು, ಉಳಿದವು ಇನ್ನೂ ಮೊಗ್ಗು. ತಾನು ಯಾತಕ್ಕೆ ಬಂದವನೆಂಬುದನ್ನೇ ಮುದಕಪ್ಪ ಮರೆತ.

ಅಣಬೆಯ ವಿಷಯದಲ್ಲಿ ತನ್ನನ್ನು ಮೀರಿಸುವವರು ಇಡೀ ತಾಲೂಕಿನಲ್ಲೇ ಇಲ್ಲವೆಂದು ಆತನ ನಂಬಿಕೆ. ಹುತ್ತದ ಮೇಲೆ ಎದ್ದದ್ದು ಒಳ್ಳೆಯದು, ತಿಪ್ಪೆಯ ಮೇಲೆ ಎದ್ದದ್ದು ಕೆಟ್ಟದ್ದು, ಇಷ್ಟೇ ಆತನ ವಿದ್ಯೆ. ಇಷ್ಟನ್ನೇ ನೆಚ್ಚಿಕೊಂಡು ಕಂಡ ಅಣಬೆಯನ್ನು ಬಾಯಿಗೆ ಹಾಕಿಕೊಳ್ಳುವುದು ಅಪಾಯದ ಕೆಲಸ ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಆತ ಕೇಳುತ್ತಿರಲಿಲ್ಲ. ಬಿಚ್ಚಿದ್ದನ್ನೆಲ್ಲ ಕಿತ್ತು ತಲೆಯ ರುಮಾಲಿನಲ್ಲಿ ಗಂಟು ಕಟ್ಟಿದ. ಮೊಗ್ಗುಗಳನ್ನು ನಾಳೆಗೆಂದು ಬಿಟ್ಟು, ಮೇಲೊಂದು ಜಾಲಿಯ ಟೊಂಗೆ ಮುಚ್ಚಿ ಬಂದ.

ಇನ್ನು ತೊಂದರೆ ಇದ್ದದ್ದು ಓಣಿಯದು. ಅವರ ಓಣಿಯಲ್ಲಿ ಯಾರ ಮನೆಯಲ್ಲಿ ವಿಶೇಷ ಅಡುಗೆಯಾದರೂ ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೊಂದು ಬಟ್ಟಲು ಹೋಗಲೇಬೇಕು. ಹೋದ ವರ್ಷ ಮುದಕಪ್ಪ ಹೀಗೇ ಅಣಬೆ ತಂದಾಗ ಹೆಂಡತಿ ರಂಗವ್ವ ಎಲ್ಲರ ಮನೆಗೂ ಬಟ್ಟಲು ಕಳಿಸಿ, ಗಂಡನ ತಾಟಿಗೆ ಬರೀ ರಸ ಬಡಿಸಿದ್ದಳು. ಬಟ್ಟಲುಗಳು ಬರಿದಾಗಿ ಮರಳಲಿಲ್ಲ, ಅದೂ ಖರೆ. ಒಂದರಲ್ಲಿ ಪುಂಡಿಪಲ್ಯ ಬಂತು, ಒಂದರಲ್ಲಿ ಕಡಲೆಹಿಟ್ಟಿನ ಜುಣಕ, ಇನ್ನೊಂದರಲ್ಲಿ ಮತ್ತೆ ಪುಂಡಿಪಲ್ಯ. ಆ ಸಂಕಟ ಮುದಕಪ್ಪನ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಈ ಸಲ ಒಂದು ಚೂರೂ ಹೊರಗೆ ಹೋಗಬಾರದು, ಹುತ್ತದ ಸುಳಿವು ಯಾರಿಗೂ ಸಿಗಬಾರದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡ.

ಗಿರಣಿಯ ಬಾಗಿಲಲ್ಲೇ ಸಾವಂತ್ರವ್ವ ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯ ಹಿರಿಯಳು. ಗೋಡೆಯಾಚೆ ಒಗ್ಗರಣೆ ಬಿದ್ದರೆ ಎಣ್ಣೆ ಯಾವುದೆಂದು ಇಲ್ಲಿಂದಲೇ ಹೇಳುವವಳು.

"ಗಂಟಿನ್ಯಾಗ ಏನೈತೋ ಮುದಕಪ್ಪ?"

ಸುಳ್ಳಿನ ರೂಢಿ ಇದ್ದವನು ಬದನೆಕಾಯಿ ಎಂದು ಹೇಳಿ ಒಳಗೆ ಹೋಗುತ್ತಿದ್ದ. ಮುದಕಪ್ಪನ ಬಾಯಿಂದ ಮೊದಲು ಬಂದದ್ದು ಅಣಬಿ ಎಂಬ ಖರೆ ಮಾತು. ಅವಳ ಕಣ್ಣು ಅರಳಿದ್ದನ್ನು ಕಂಡ ಮೇಲೆ ಸುಳ್ಳು ಹಿಂದಿನಿಂದ ಓಡಿ ಬಂತು. "ಆದ್ರ ವಿಷದವು ಯಕ್ಕಾ. ಹುಡುಗ್ರು ಕಿತ್ತು ತಿಂದಾವು ಅಂತ ತಂದೇನಿ. ಸುಣ್ಣ ಹಾಕಿ ಹಿತ್ತಲದಾಗ ಹುಗೀತೇನಿ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅವಳು ಇನ್ನೂ ಗಂಟನ್ನೇ ನೋಡುತ್ತಿದ್ದಳು. ಹುನಗುಂದದ ಕಡೆ ಒಂದು ಮನೆಯವರು ಇಂಥದ್ದನ್ನೇ ಉಂಡು ಮಲಗಿದವರು ಮತ್ತೆ ಏಳಲಿಲ್ಲ ಎಂದ. ಮೊದಲು ನಾಲಿಗೆ ಒಣಗುತ್ತದೆ, ಆಮೇಲೆ ಮುಖ ಬೆಳ್ಳಗಾಗುತ್ತದೆ, ಆಮೇಲೆ ಮನುಷ್ಯ ಏನೇನೋ ಬಡಬಡಿಸುತ್ತಾನೆ ಎಂದ. ಹೇಳುತ್ತ ಹೇಳುತ್ತ ಆತನಿಗೇ ಹುರುಪು ಬಂತು. ಅಷ್ಟರಲ್ಲಿ ಗಿರಣಿಗೆ ಬಂದ ಇನ್ನೂ ನಾಲ್ಕಾರು ಹೆಂಗಸರು ಬುಟ್ಟಿ ಇಳಿಸಿ ಕಿವಿ ಕೊಟ್ಟಿದ್ದರು. ಸಾವಂತ್ರವ್ವ ಮಾತ್ರ ಸುಲಭಕ್ಕೆ ನಂಬುವವಳಲ್ಲ.

"ಬದಾಮ್ಯಾಗ ನಮ್ಮ ತವರಮನ್ಯಾಗ ಇಂಥಾವ ತಿಂತಾರಲ್ಲೋ. ಯಾರಿಗೂ ಏನೂ ಆಗಿಲ್ಲಪಾ."

"ಅದ ನೋಡ ಯಕ್ಕಾ ಇದರ ಕೆಟ್ಟ ಗುಣ. ತಿಂದಾಂವ ನನಗೇನೂ ಆಗಿಲ್ಲ, ನನಗೇನೂ ಆಗಿಲ್ಲ ಅಂತಾನ. ಹಂಗ ಅಂದಾ ಅಂದ್ರ ಮುಗೀತು. ಅದ ಕಡೀ ಲಕ್ಷಣ."

ಸಾವಂತ್ರವ್ವ ಬುಟ್ಟಿಯನ್ನು ಗಂಟಿನಿಂದ ಒಂದು ಮಾರು ದೂರ ಸರಿಸಿಕೊಂಡಳು. ಮುದಕಪ್ಪನಿಗೆ ತನ್ನ ಜಾಣತನದ ಮೇಲೆ ಮೋಹ ಉಕ್ಕಿತು.

ಮನೆಯಲ್ಲಿ ರಂಗವ್ವನಿಗೆ ಸೋಮವಾರದ ಉಪವಾಸ, ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಇದೂ ಮನೆದೇವರು ಬೀರಪ್ಪನ ಕೃಪೆಯೇ ಎಂದುಕೊಂಡ ಮುದಕಪ್ಪ ಗಂಟನ್ನು ಅವಳ ಕೈಗಿಟ್ಟು, ಬಾಗಿಲು ಹಾಕಿಕೊಂಡು ಮಾಡು, ವಾಸನೆ ಹೊರಗೆ ಹೋದೀತು, ಬಳ್ಳೊಳ್ಳಿ ಹಾಕಬೇಡ, ಯಾರ ಮನೆಗೂ ಬಟ್ಟಲು ಕಳಿಸಬೇಡ ಎಂದು ತಾಕೀತು ಮಾಡಿದ. ಗಿರಣಿಯಲ್ಲಿ ಹೇಳಿದ ಸುಳ್ಳನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಓಣಿಯನ್ನು ಬಿಟ್ಟು ಉಣ್ಣುವುದು ರಂಗವ್ವನಿಗೆ ಒಂಚೂರೂ ಸೇರಲಿಲ್ಲ. ಇಂಥ ಹೊಟ್ಟೆಬಾಕನ ಕೂಡ ಬಾಳುವೆ ಮಾಡಿ ಸಾಕಾಗಿದೆ ಎಂದು ಪಾತ್ರೆ ಕುಕ್ಕಿದಳು. ಆದರೂ ಒಣಕೊಬ್ಬರಿ, ಖಾರಪುಡಿ ಹಾಕಿ ಹದವಾಗಿ ಬೇಯಿಸಿದಳು. ಮಧ್ಯಾಹ್ನ ಮುದಕಪ್ಪ ಬಿಸಿ ರೊಟ್ಟಿಯೊಡನೆ ಇಡೀ ಪಲ್ಯ ಉಂಡು, ಪಾತ್ರೆಯನ್ನು ಕಡೆಯ ರೊಟ್ಟಿಯಿಂದ ಒರೆಸಿ, ಹೋದ ವರ್ಷದ ಸಂಕಟವನ್ನು ಪೂರ್ತಿ ತೀರಿಸಿಕೊಂಡ.

ಮರಳಿ ಗಿರಣಿಗೆ ಬಂದು ಎಂಜಿನ್ ಚಾಲೂ ಮಾಡಿದರೆ ಬಳೆಗಾರ್ತಿ ಲಾಲಬಿ ಗೋಧಿ ಬೀಸಿಸಲು ಬಂದಳು. ಅವಳು ಪೇಟೆಯಿಂದ ಸುದ್ದಿ ತಂದಿದ್ದಳು. ಹುನಗುಂದದಲ್ಲಿ ಅಣಬೆ ತಿಂದು ಒಂದು ಓಣಿಯೇ ಖಾಲಿಯಾಗಿದೆಯಂತೆ, ಹುತ್ತದ ಸುತ್ತ ಎದ್ದ ಬಿಳಿ ಅಣಬೆಯಂತೆ. ಇದು ತಾನೇ ಬೆಳಿಗ್ಗೆ ಬಿಟ್ಟ ಸುಳ್ಳು, ಪೇಟೆ ಸುತ್ತಿ ಮೈದುಂಬಿಕೊಂಡು ಮನೆಗೆ ಬಂದಿದೆ ಎಂದು ಮುದಕಪ್ಪನಿಗೆ ಗೊತ್ತು. ಆದರೆ ಹುತ್ತದ ಸುತ್ತ ಎಂದು ತಾನು ಯಾರಿಗೂ ಹೇಳಿರಲಿಲ್ಲವಲ್ಲ. ಒಂದು ವೇಳೆ ಖರೆಯೇ ಯಾರಾದರೂ ಸತ್ತಿದ್ದರೆ? ನಾಲಿಗೆ ಒಣಗಿದಂತಾಯಿತು. ಹಿಟ್ಟಿನ ಧೂಳಿಗೆ ದಿನಾ ಒಣಗುವ ನಾಲಿಗೆಯೇ, ಆದರೂ ಆತ ಎರಡು ತಂಬಿಗೆ ನೀರು ಕುಡಿದ.

ಅದೇ ಹೊತ್ತಿಗೆ ಸಾವಂತ್ರವ್ವ ಹೆಪ್ಪು ಕೇಳಿಕೊಂಡು ರಂಗವ್ವನ ಬಳಿಗೆ ಹೋಗಿದ್ದಳು. ತೊಳೆಯಲು ಇಟ್ಟಿದ್ದ ಪಾತ್ರೆಯನ್ನು ಅವಳ ಮೂಗು ಮೊದಲು ಕಂಡಿತು. ಏನು ಅಡುಗೆ ಎಂದು ಕೇಳಿದಳು. ಅಣಬೆ ಪಲ್ಯ, ಅವರೊಬ್ಬರೇ ಉಂಡರು ಎಂದು ರಂಗವ್ವ ನಾಚಿಕೊಂಡು ಹೇಳಿದಳು. ಸಾವಂತ್ರವ್ವ ಎದೆ ಬಡಿದುಕೊಂಡ ಸದ್ದಿಗೆ ಅರ್ಧ ಓಣಿ ಒಳಗೆ ಬಂತು.

ಓಣಿಯ ಕಡೆಯ ಮನೆಯ ಬಸಯ್ಯನವರು ನಾಡಿ ಹಿಡಿದು ಮದ್ದು ಹೇಳುವವರು. ವಿಷಯ ಕೇಳಿದ ಅವರು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. ವಿಷವೆಂದು ಮುದಕಪ್ಪನಿಗೆ ಗೊತ್ತಿತ್ತು, ತಾನೇ ಬಾಯಿಬಿಟ್ಟು ಹೇಳಿದ್ದ. ಗೊತ್ತಿದ್ದೂ ಉಂಡಿದ್ದಾನೆ, ಅದೂ ಹೆಂಡತಿಗೆ ಉಪವಾಸವಿದ್ದ ದಿನ ನೋಡಿ ಒಬ್ಬನೇ ಉಂಡಿದ್ದಾನೆ. ಅಂದ ಮೇಲೆ ಜೀವಕ್ಕೆ ಬೇಸತ್ತು ಉಂಡಿದ್ದಾನೆ. ಎಲ್ಲರೂ ರಂಗವ್ವನ ಮುಖ ನೋಡಿದರು. ಬೆಳಿಗ್ಗೆ ತಾನು ಆಡಿದ ಮಾತು ನೆನಪಾಗಿ ರಂಗವ್ವ ಹಣೆ ಬಡಿದುಕೊಂಡಳು.

ಗಿರಣಿಯ ಎಂಜಿನ್ನಿನ ಸದ್ದಿನಲ್ಲಿ ಮುದಕಪ್ಪನಿಗೆ ಇದಾವುದೂ ಕೇಳಿಸಿರಲಿಲ್ಲ. ತಲೆಯೆತ್ತಿ ನೋಡಿದರೆ ಬಾಗಿಲು ತುಂಬ ಜನ. ಯಾರೋ ಎಂಜಿನ್ ನಿಲ್ಲಿಸಿದರು. ಮುದಕಪ್ಪ ದಿನದಂತೆ ತಲೆಯಿಂದ ಕಾಲಿನವರೆಗೆ ಹಿಟ್ಟಾಗಿದ್ದ.

"ಮುಖ ನೋಡ್ರಿ, ಹೆಂಗ ಬೆಳ್ಳಗಾಗೇತಿ," ಎಂದಳು ಸಾವಂತ್ರವ್ವ.

ಮುದಕಪ್ಪ ಅವಸರದಿಂದ ತೋಳಿನಿಂದ ಮುಖ ಒರೆಸಿಕೊಂಡ. ತೋಳಿನಲ್ಲಿದ್ದ ಹಿಟ್ಟೂ ಮುಖಕ್ಕೆ ಬಂತು. ಬಸಯ್ಯನವರು ನಾಲಿಗೆ ತೆಗೆಸಿ ನೋಡಿ, ಒಣಗಿದೆ ಎಂದು ತಲೆಯಾಡಿಸಿದರು. ಹೆದರಿ ಮುದಕಪ್ಪ ಹೇಳಬಾರದ ಮಾತನ್ನು ಹೇಳಿಬಿಟ್ಟ.

"ನನಗೇನೂ ಆಗಿಲ್ರಿ ಅಯ್ಯಾರ."

ಹೆಂಗಸರು ಸೆರಗು ಬಾಯಿಗೆ ಹಿಡಿದರು. ರಂಗವ್ವ ಓಡಿ ಬಂದು ಆತನ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇನ್ನೊಮ್ಮಿ ನಿಮಗ ಹೊಟ್ಟಿಬಾಕ ಅನ್ನೂದಿಲ್ರಿ. ನನ್ನ ಬಿಟ್ಟು ಹೋಗಬ್ಯಾಡ್ರಿ," ಎಂದು ಅತ್ತಳು. ಇವಳಿಗೆ ತನ್ನ ಮೇಲೆ ಇಷ್ಟು ಜೀವವಿದೆ ಎಂದು ಮದುವೆಯಾದ ಇಷ್ಟು ವರ್ಷದಲ್ಲಿ ಮುದಕಪ್ಪನಿಗೆ ತಿಳಿದಿರಲಿಲ್ಲ. ಈಕೆಯನ್ನು ಅಳಿಸಬಾರದು, ಮಾನ ಹೋದರೂ ಹೋಗಲಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ವಿಷವೆಂದದ್ದು ಸುಳ್ಳು, ಹುನಗುಂದದ ಕತೆ ಸುಳ್ಳು, ಲಕ್ಷಣಗಳೂ ಸುಳ್ಳು, ಬಟ್ಟಲು ಹಂಚಬೇಕಾಗುತ್ತದೆಂದು ಹೀಗೆ ಮಾಡಿದೆ ಎಂದ. ನಂಬದಿದ್ದರೆ ಹಳ್ಳದ ಆಚೆ ಜಾಲಿಗಿಡದ ಬುಡದ ಹುತ್ತಕ್ಕೆ ಹೋಗಿ ನೋಡಿ, ಟೊಂಗೆಯ ಕೆಳಗೆ ಇನ್ನೂ ಅರ್ಧ ಇವೆ, ಬಂಗಾರದಂಥ ಅಣಬೆ ಎಂದ.

ಬಸಯ್ಯನವರು ಕನಿಕರದಿಂದ ಆತನ ಬೆನ್ನು ಸವರಿದರು. "ಮೊದಲ ನಾಲಿಗಿ, ಆಮ್ಯಾಲ ಮುಖ, ಈಗ ತಲಿಗೇರೇತಿ. ಏನೇನೋ ಬಡಬಡಸಾಕತ್ತಾನ. ಅಂಟವಾಳದ ನೀರ ತರ್ರಿ."

ಅಂಟವಾಳಕಾಯಿಯ ನೊರೆನೀರು ಒಂದು ಚರಿಗೆ ಒಳಗೆ ಹೋಯಿತು. ಬೇಡವೆಂದು ಕೈ ಬೀಸಿದ್ದಕ್ಕೆ, ವಿಷ ಕೈಗೂ ಬಂತೆಂದು ಇನ್ನೊಂದು ಚರಿಗೆ ಹೊಯ್ದರು. ಮಧ್ಯಾಹ್ನದ ಪಲ್ಯ ಗಿರಣಿಯ ಹಿಂದಿನ ಗಟಾರಕ್ಕೆ ಹೋಯಿತು. ಅದರ ಹಿಂದೆ ಬೆಳಗಿನ ಅವಲಕ್ಕಿ ಹೋಯಿತು. ಆಮೇಲೆ ಆತನದೇ ಗಿರಣಿಯ ಚೀಲದ ಕೈಗಾಡಿಯ ಮೇಲೆ ಆತನನ್ನು ಮಲಗಿಸಿ ಬಸ್ ಸ್ಟ್ಯಾಂಡಿನ ಹಿಂದಿನ ದವಾಖಾನೆಗೆ ತಳ್ಳಿದರು. ದಾರಿಯಲ್ಲಿ ಸಿಕ್ಕವರೆಲ್ಲ ಗಾಡಿ ನಿಲ್ಲಿಸಿ, ಹಿಟ್ಟು ಬಳಿದುಕೊಂಡಿದ್ದ ಮುಖ ನೋಡಿ, ಒಳ್ಳೆಯ ಮನುಷ್ಯನಾಗಿದ್ದ ಎಂದು ಹೇಳಿ ಕಳಿಸಿದರು.

ಡಾಕ್ಟರರು ಮೂಗಿನಲ್ಲಿ ನಳಿಗೆ ಇಳಿಸಿ ಉಳಿದದ್ದನ್ನೂ ತೆಗೆದರು. ಅಣಬೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, ನೋಡಿ ಹೇಳಲು ತನಗೂ ಬರುವುದಿಲ್ಲ, ಕೆಲವು ರುಚಿಯಾಗಿಯೇ ಇದ್ದು ತಡವಾಗಿ ಕೊಲ್ಲುತ್ತವೆ, ಅಂದಾಜಿನ ಮೇಲೆ ಅಣಬೆ ತಿನ್ನುವುದು ಜೀವವನ್ನೇ ಪಣಕ್ಕಿಟ್ಟಂತೆ ಎಂದು ಬೈದರು. ಮುದಕಪ್ಪನಿಗೆ ಮೊದಲ ಸಲ ಖರೆಖರೆ ಭಯವಾಯಿತು. ಪಲ್ಯ ಎಷ್ಟು ರುಚಿಯಾಗಿತ್ತೆಂದು ನೆನಪಾಗಿ ಭಯ ಇನ್ನೂ ಹೆಚ್ಚಾಯಿತು. ಇದೊಂದು ಸಲ ಉಳಿಸು ಬೀರಪ್ಪಾ, ಇನ್ನು ಮುಂದೆ ಇಡೀ ಓಣಿಗೆ ಹಂಚಿಯೇ ಉಣ್ಣುತ್ತೇನೆ ಎಂದು ಬೆಂಚಿನ ಮೇಲೆ ಮಲಗಿಯೇ ಹರಕೆ ಹೊತ್ತ.

ಹೊತ್ತು ಇಳಿಯುವಾಗ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ಹೇಳಿ ಡಾಕ್ಟರರು ಕಳಿಸಿದರು. ಮನೆಯಲ್ಲಿ ರಂಗವ್ವ ಹಾಸಿಗೆ ಹಾಸಿ ಮಲಗಿಸಿ ದೀಪ ಹಚ್ಚಿದಳು. ಹೊಟ್ಟೆ ಖಾಲಿ ಚೀಲದಂತೆ ಬೆನ್ನಿಗೆ ಅಂಟಿತ್ತು. ಆಗ ಪಕ್ಕದ ಮನೆಯಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿದ ವಾಸನೆ ಬಂತು. ಅದರೊಳಗೆ ಇನ್ನೊಂದು ವಾಸನೆ ಇತ್ತು. ಸಾವಂತ್ರವ್ವನ ಮೂಗು ಇಲ್ಲದಿದ್ದರೂ ಮುದಕಪ್ಪ ಅದನ್ನು ಗುರುತಿಸಿದ. ಎದುರು ಮನೆಯಿಂದಲೂ ಅದೇ ವಾಸನೆ, ಬಸಯ್ಯನವರ ಮನೆಯ ಕಡೆಯಿಂದಲೂ ಅದೇ.

ಸ್ವಲ್ಪ ಹೊತ್ತಿಗೆ ಪದ್ಧತಿಯಂತೆ ಬಟ್ಟಲುಗಳು ಬರತೊಡಗಿದವು. ಸಾವಂತ್ರವ್ವ ತನ್ನ ಬಟ್ಟಲನ್ನು ತಾನೇ ತಂದು ರಂಗವ್ವನ ಕೈಗಿಟ್ಟಳು. ಹುಡುಗರು ತಿಂದಾವೆಂದು ಕಿತ್ತು ಹುಗಿಯಲು ಹಳ್ಳದ ಆಚೆ ಹೋಗಿದ್ದೆವು, ಅಷ್ಟರಲ್ಲಿ ದವಾಖಾನೆಯಿಂದ ನೀನು ಬದುಕಿದ ಸುದ್ದಿ ಬಂತು, ಒಬ್ಬನೇ ಒಂದು ಪಾತ್ರೆ ಉಂಡವನಿಗೇ ಏನೂ ಆಗಲಿಲ್ಲವೆಂದ ಮೇಲೆ ಹುಗಿಯುವುದು ಯಾಕೆಂದು ಎಲ್ಲರೂ ಹಂಚಿಕೊಂಡೆವು ಎಂದು ವಿವರಿಸಿದಳು. ಬೀರಪ್ಪ ಹರಕೆಯನ್ನು ಇಷ್ಟು ಬೇಗ ತೀರಿಸಿಕೊಳ್ಳುತ್ತಾನೆಂದು ಮುದಕಪ್ಪ ಅಂದುಕೊಂಡಿರಲಿಲ್ಲ.

ಆತ ಬಟ್ಟಲಿನ ಕಡೆ ಕೈ ಚಾಚಿದ. ರಂಗವ್ವ ಕೈಯನ್ನು ಮೆಲ್ಲಗೆ ಸರಿಸಿ ಗಂಜಿಯ ಬಟ್ಟಲು ಇಟ್ಟಳು. ಆಮೇಲೆ ದೇವರಿಗೆ ಕೈ ಮುಗಿದು, ಗಂಡ ಉಳಿದ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತ, ಆತನ ಎದುರಿಗೇ ಕೂತು ಅಣಬೆ ಪಲ್ಯದಿಂದ ಉಪವಾಸ ಬಿಟ್ಟಳು.

ಸಾವಂತ್ರವ್ವ ಇನ್ನೂ ಹೋಗಿರಲಿಲ್ಲ. ಸೆರಗಿನ ಮರೆಯಿಂದ ಇನ್ನೊಂದು ಬಟ್ಟಲು ತೆಗೆದಳು. ಅದರಲ್ಲಿ ಹಸಿ ಅಣಬೆ ಇದ್ದವು, ಹಳದಿ ಹಸಿರು ಬಣ್ಣದವು, ಬುಡ ಹರಿದ ಕಡೆ ಕಪ್ಪಗೆ ಸೋರುತ್ತಿದ್ದವು. "ಇವು ನಮ್ಮ ತಿಪ್ಪಿ ಮ್ಯಾಲ ಎದ್ದಾವೋ ಮುದಕಪ್ಪ. ಒಳ್ಳೇವೋ ಕೆಟ್ಟವೋ ಗೊತ್ತಾಗವಲ್ದು. ನಾಳಿ ಮುಂಜಾನಿ ನೀ ಉಣ್ಣು. ಸಂಜೀತನಾ ನೀ ಉಳದ್ರ ನಾವೂ ಮಾಡ್ಕೋತೇವಿ. ಓಣ್ಯಾಗ ಎಲ್ಲಾರೂ ಹಂಗ ಮಾತಾಡ್ಕೊಂಡೇವಿ."

ಮುದಕಪ್ಪ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. "ನನಗ ಆರಾಮಿಲ್ಲ ಯಕ್ಕಾ. ಹೊಟ್ಟಿ ಕಿವಿಚಾಕತ್ತೈತಿ, ಕಣ್ಣಿಗಿ ಕತ್ತಲಿ ಬರಾಕತ್ತೈತಿ. ಭಾಳ ಆರಾಮಿಲ್ಲ."

ಸಾವಂತ್ರವ್ವ ನಿಶ್ಚಿಂತೆಯಿಂದ ನಕ್ಕಳು. "ವಿಷ ತಿಂದಾಂವ ನನಗೇನೂ ಆಗಿಲ್ಲ ಅಂತಾನ ಅಂತ ನೀನ ಹೇಳಿದ್ದಿ. ಆರಾಮಿಲ್ಲ ಅಂತಿ ಅಂದ್ಮ್ಯಾಲ ನೀ ಗಟ್ಟಿ ಅದಿ ಬಿಡು."

ಬಟ್ಟಲನ್ನು ಆತನ ತಲೆದಿಂಬಿನ ಬಳಿ ಇಟ್ಟು, ಬೆಳಿಗ್ಗೆ ಬಂದು ನೋಡುವುದಾಗಿ ಹೇಳಿ ಅವಳು ಊಟಕ್ಕೆ ಹೋದಳು.