ಮೇಸ್ತ್ರಿ ಹಿಡಿದ ನಾಡಿ

ಎದುರುಮನೆಯ ನೀರಿನ ಪಂಪು ಗುರ್ರ್ ಎಂದಿತು, ಬಿಕ್ಕಿತು, ಮತ್ತೆ ಗುರ್ರ್ ಎಂದಿತು.

"ಗಾಳಿ ಎಳೀತಿದೆ," ಎಂದು ಪಂಪು ಮೇಸ್ತ್ರಿ ಹಾಸಿಗೆಯಲ್ಲೇ ತೀರ್ಪು ಕೊಟ್ಟ. ಮೂವತ್ತು ವರ್ಷ ಪಳಗಿದ ಕಿವಿ! ಹಿಂದಿನ ದಿನ ಪ್ರಥಮ ಚಿಕಿತ್ಸೆಯ ತರಗತಿಗೆ ಬೇರೆ ಹೋಗಿಬಂದಿದ್ದ. ಎದೆಬಡಿತ ತಾಳ ತಪ್ಪಿದರೆ ಪ್ರಾಣಕ್ಕೇ ಸಂಚಕಾರವಂತೆ. ಅಷ್ಟು ಕೇಳಿದವನೇ, ಉಳಿದದ್ದು ತನಗೆ ಗೊತ್ತೆಂದು ಎದ್ದು ಬಂದಿದ್ದ.

"ಹೃದಯ ಅಂದ್ರೇನು? ಪಂಪೇ ತಾನೆ! ಇನ್ಮೇಲೆ ಈ ಮನೇಲಿ ನನ್ನ ಕೇಳದೆ ಯಾರ ಪಂಪೂ ಕೆಡೋ ಹಾಗಿಲ್ಲ. ಕೊಡೇ ಕೈ," ಎಂದು ಎದ್ದು ಅಡುಗೆಮನೆಗೆ ಬಂದು ಹೆಂಡತಿಗೆ ಅಪ್ಪಣೆ ಮಾಡಿದ.

"ಕೈಯೆಲ್ಲ ಹಿಟ್ಟಾಗಿದೆ ರೀ."

"ಹಿಟ್ಟಿನ ಕೆಳಗೂ ನಾಡಿ ಇರುತ್ತೆ ಕಣೇ!"

ಅವಳ ಮಣಿಕಟ್ಟನ್ನು ಹೆಬ್ಬೆರಳಿನಿಂದ, ನಟ್ಟು ಬಿಗಿಯುವವನಂತೆ, ಒತ್ತಿ ಹಿಡಿದ. ಎರಡು ಬಡಿತ, ಒಂದು ಖಾಲಿ. ಮೂರು ಬಡಿತ ಓಡೋಡಿ ಬಂದವು. ಮತ್ತೆ ಖಾಲಿ! ಮೇಸ್ತ್ರಿಯ ಹಣೆ ಬೆವೆತಿತು, ತಲೆ ಗಿರ್ರೆಂದಿತು.

"ಮಲಗು! ಅಲ್ಲಾಡಬೇಡ!"

ಅತ್ತೆಯ ಕೈ ಹಿಡಿದ. ಅದೇ ತಾಳ! ಹಾಲು ತಂದವನನ್ನೂ ಬಿಡಲಿಲ್ಲ. ಅದೇ ತಾಳ! ಮೂವರನ್ನೂ ನಡುಮನೆಯಲ್ಲಿ ಸಾಲಾಗಿ ಮಲಗಿಸಿ, ಪಕ್ಕದ ಬೀದಿಯಲ್ಲಿದ್ದ ನಾದಿನಿಗೆ ಫೋನು ಮಾಡಿದ. ಅವಳು ನರ್ಸು.

"ಓಡಿ ಬಾರಮ್ಮ! ಮೂರೂ ಒಟ್ಟಿಗೇ ಕೈಕೊಟ್ಟಿವೆ!"

ಬಂದವಳು ಎರಡು ಬೆರಳಿಟ್ಟು ಮೂವರ ನಾಡಿಯನ್ನೂ ನೋಡಿದಳು. "ಎಲ್ಲಾ ಸರಿಯಾಗಿದೆಯಲ್ಲ! ನೀವು ಹೇಗೆ ಹಿಡಿದ್ರಿ ಭಾವ, ತೋರಿಸಿ."

ಮೇಸ್ತ್ರಿ ಠೀವಿಯಿಂದ ಹೆಬ್ಬೆರಳು ಎತ್ತಿದ.

ನಾದಿನಿ ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. "ಹೆಬ್ಬೆರಳಲ್ಲೂ ನಾಡಿ ಹೊಡ್ಕೊಳ್ಳುತ್ತೆ ಭಾವ. ನೀವು ಇಷ್ಟೊತ್ತೂ ಎಣಿಸಿದ್ದು ನಿಮ್ಮದನ್ನೇ."

ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. "ತಲೆ ಸುತ್ತುತ್ತಾ?"

"ಎರಡು ದಿನದಿಂದ ಸ್ವಲ್ಪ... ಬಿಸಿಲಿಗೆ ಅಂತ..."

"ಕೂತ್ಕೊಳ್ಳಿ. ಒಂದು ಹೆಜ್ಜೆ ಇಡಬೇಡಿ," ಎಂದವಳೇ ಆಂಬುಲೆನ್ಸಿಗೆ ಫೋನು ಮಾಡಿದಳು.

ಆಂಬುಲೆನ್ಸಿನವರು ಒಳಗೆ ಬಂದು ನೆಲ ನೋಡಿ ಕಂಗಾಲಾದರು. "ಪೇಷೆಂಟ್ ಯಾರು?"

ಏಳಿ ಎಂದು ಯಾರೂ ಹೇಳದ್ದರಿಂದ ಇನ್ನೂ ಮಲಗೇ ಇದ್ದ ಮೂವರೂ ಎದ್ದು ಕೂತು ಕುರ್ಚಿಯತ್ತ ಬೆರಳು ತೋರಿಸಿದರು.

ಸ್ಟ್ರೆಚರಿನ ಮೇಲಿಂದ ಮೇಸ್ತ್ರಿ ಮೆಲ್ಲಗೆ ಅಂದ: "ನಿನ್ನದು ಸರಿಯಾಗಿದೆಯಂತಲ್ಲೇ. ಅಷ್ಟೇ ಸಾಕು."

"ಈಗ ತಪ್ತಿದೆ ರೀ," ಎಂದಳು ಹೆಂಡತಿ. "ಅಲ್ಲಿ ಹೋಗಿ ಡಾಕ್ಟರಿಗೆ ಪಾಠ ಹೇಳ್ಬೇಡಿ. ಅವರು ಹೇಳಿದ್ದನ್ನ ಪೂರ್ತಿ ಕೇಳಿ, ಬೇಗ ಹುಷಾರಾಗಿ ಮನೆಗೆ..." ಎನ್ನುತ್ತ, ಚಪ್ಪಲಿ ಮೆಟ್ಟುವುದನ್ನೂ ಮರೆತು, ಸ್ಟ್ರೆಚರಿಗಿಂತ ಮುಂದೆ ಬೀದಿಗಿಳಿದು ನಡೆದೇಬಿಟ್ಟಳು.