ವಿಸಿಲ್ ಊದಿದರೆ ಹೊರಡುವ ಲ್ಯಾಪ್‌ಟಾಪು

ನನ್ನ ಮೈದುನ ವಿಸಿಲ್ ಊದದಿದ್ದರೆ ಅವನ ಲ್ಯಾಪ್‌ಟಾಪು ಹೊರಡುವುದಿಲ್ಲ! ನಗಬೇಡಿ. ಅವನ ಎದುರು ನಕ್ಕವರು ಆ ಮನೆಯಲ್ಲಿ ಮತ್ತೆ ಚಾ ಕುಡಿದದ್ದನ್ನು ನಾನು ನೋಡಿಲ್ಲ.

ಗುಂಡಿ ಒತ್ತುತ್ತಾನೆ. ಹಿಂದೆ ಸರಿದು ನೆಟ್ಟಗೆ ನಿಲ್ಲುತ್ತಾನೆ. ಕುತ್ತಿಗೆಯಲ್ಲಿ ತೂಗುವ ವಿಸಿಲನ್ನು ಬಾಯಿಗಿಟ್ಟು ಎರಡು ಸಲ ಊದಿ, "ರೈಟ್ ಪೋಯಿ!" ಎನ್ನುತ್ತಾನೆ, ಅಂದರೆ ಸರಿ, ಹೋಗುವ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು; ನಮ್ಮ ಕಡೆಯ ಬಸ್ಸು ಹತ್ತಿದವರಿಗೆಲ್ಲ ಇದು ಗೊತ್ತು. ಬಸ್ಸಿನಲ್ಲಾದರೆ ಕೇಳಲಿಕ್ಕೆ ಡ್ರೈವರ್ ಇದ್ದ. ಲ್ಯಾಪ್‌ಟಾಪಿನಲ್ಲಿ ಕೇಳುವವರು ಯಾರು? ಒಮ್ಮೆ ಕೇಳಿಯೇ ಬಿಟ್ಟೆ.

"ಒಳಗೆ ಒಬ್ಬ ಇದ್ದಾನೆ ಅತ್ತಿಗೆ" ಎಂದ, ಮುಖದ ಒಂದು ಗೆರೆಯೂ ಅಲುಗದೆ. "ಇಲ್ಲದಿದ್ರೆ ಇಷ್ಟು ನಿಧಾನ ಮಾಡುವುದು ಯಾರು?"

ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ?

ಪ್ರಾಯಕ್ಕೆ ಬಂದಾಗಿನಿಂದ ನಿವೃತ್ತಿಯವರೆಗೂ ಅವನು ಬೆಳ್ತಂಗಡಿ–ಮೂಡುಬಿದಿರೆ ಬಸ್ಸಿನ ಕಂಡಕ್ಟರು. ಬಸ್ಸಿನಿಂದ ಅವನು ಇಳಿದ. ಬಸ್ಸು ಮಾತ್ರ ಅವನಿಂದ ಇಳಿಯಲಿಲ್ಲ. ಮನೆಯೊಳಗೆ ನಡೆಯುವಾಗಲೂ ಬಾಗಿಲ ಪಟ್ಟಿ ಹಿಡಿದೇ ನಡೆಯುತ್ತಾನೆ, ನೆಲ ಎಲ್ಲಿ ತಿರುವು ತೆಗೆದುಕೊಂಡೀತೋ ಎಂಬ ಹಾಗೆ. ಮದುವೆ ಊಟಕ್ಕೆ ಕರೆದುಕೊಂಡು ಹೋದರೆ ಮಂಟಪದ ಬಾಗಿಲಲ್ಲಿ ನಿಂತು, "ಹಿಂದೆ ಹೋಗಿ, ಹಿಂದೆ ಹೋಗಿ, ಹಿಂದೆ ಖಾಲಿ ಉಂಟು!" ಎಂದು ಗುರುತಿಲ್ಲದವರನ್ನೆಲ್ಲ ಕೊನೆಯ ಪಂಕ್ತಿಗೆ ತಳ್ಳುತ್ತಾನೆ. ಅವರೂ ಹೋಗುತ್ತಾರೆ! ಆ ಸ್ವರ ಕೇಳಿದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ನಮ್ಮ ಮಾವನವರು, ಅಂದರೆ ಅವನ ಅಪ್ಪ, ತೀರಿಕೊಂಡ ದಿನ ಚಟ್ಟವನ್ನು ಹೊರಗೆ ತರಲು ಆಗದಷ್ಟು ಜನ ಬಾಗಿಲಲ್ಲಿ ತುಂಬಿದ್ದರು. ಹೆಗಲು ಕೊಟ್ಟಿದ್ದ ಇವನು ಇದ್ದಕ್ಕಿದ್ದಂತೆ ಕೂಗಿದ: "ದಾರಿ ಬಿಡಿ! ಇಳಿಯುವವರಿಗೆ ಮೊದಲು ದಾರಿ ಬಿಡಿ!"

ಅಳುತ್ತಿದ್ದವರ ಅಳು ಗಕ್ಕನೆ ನಿಂತಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆಮೇಲೆ ಅವನ ಮುಖ ನೋಡಿದೆ. ಎರಡೂ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಅವನು ತಮಾಷೆ ಮಾಡಿರಲಿಲ್ಲ. ಅಪ್ಪನನ್ನು ಕಳಿಸಿಕೊಡಲು ಅವನ ಹತ್ತಿರ ಇದ್ದ ಮಾತೇ ಅದು.

ಇಂಥವನಿಗೆ ಹೆಣ್ಣು ಕೊಟ್ಟವರು ಯಾರು ಎಂದು ನಿಮಗೆ ಕುತೂಹಲ ಇರಬಹುದು. ಯಾರೂ ಕೊಡಲಿಲ್ಲ, ಬಸ್ಸೇ ಕೊಟ್ಟದ್ದು! ವೇಣೂರಿನಲ್ಲಿ ಒಬ್ಬಳು ಬಾಲವಾಡಿ ಟೀಚರು ಹತ್ತುತ್ತಿದ್ದಳು. ದಿನವೂ ತಡ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಒಂದೊಂದು ಮಾತು ಹಂಚದೆ ಸ್ಟಾಪಿಗೆ ಬಂದವಳೇ ಅಲ್ಲ ಅವಳು. ಇವನು ಒಂದು ವಿಸಿಲ್ ಊದಿ ಬಸ್ಸನ್ನು ನಿಲ್ಲಿಸಿಕೊಂಡೇ ಇರುತ್ತಿದ್ದ.

"ಎಂತ ಮಾರಾಯ, ಹೋಗುವ ಅಲ್ವಾ?" ಎಂದು ಡ್ರೈವರ್ ಕೇಳಿದರೆ, "ತಡಿ, ಜನ ಹತ್ತುವವರಿದ್ದಾರೆ" ಎನ್ನುವುದು.

"ಎಷ್ಟು ಜನ?"

"ಒಬ್ರು."

ಆ ಒಬ್ರು ಸೀರೆ ಎತ್ತಿಕೊಂಡು ಓಡಿ ಬಂದು, ಹತ್ತಿ, ಏದುಸಿರಿನಲ್ಲೇ ಇಡೀ ಬಸ್ಸಿಗೆ ತಡವಾದ ಕಾರಣ ವಿವರಿಸುತ್ತಿದ್ದರಂತೆ. ಹಾಗೆ ಹತ್ತಿದವಳು ನನ್ನ ಓರಗಿತ್ತಿಯಾಗಿ ನಮ್ಮ ಮನೆಗೆ ಬಂದು ಇಳಿದಳು. ಮದುವೆಯಾದ ಮೇಲೆ ಮಾತಿನ ಪಾಲು ಹೀಗೆ ಆಯಿತು: ಸ್ಟಾಪಿನ ಹೆಸರು ಹೇಳುವುದು ಅವನು, ಉಳಿದದ್ದೆಲ್ಲ ಅವಳು. ಮೂಡುಬಿದಿರೆಯ ನನ್ನ ಮನೆಗೆ ಬಂದರೆ ಅವಳ ಮಾತು ಮುಗಿಯದೆ ಕಡೆಯ ಬಸ್ಸು ತಪ್ಪುತ್ತಿತ್ತು. ಕಂಡಕ್ಟರನ ಹೆಂಡತಿಗೆ ಬಸ್ಸು ತಪ್ಪುವುದೆಂದರೆ!

ಅಂಥವಳ ಮಾತು ಒಂದು ಬೆಳಿಗ್ಗೆ ನಿಂತುಹೋಯಿತು. ಬೆಳ್ತಂಗಡಿ ಪಕ್ಕದ ಲಾಯಿಲದ ಅವರ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದವಳ ಕೈಯಿಂದ ಸೌಟು ಬಿತ್ತು, ಹಿಂದೆಯೇ ಅವಳೂ ಬಿದ್ದಳು. ಆಸ್ಪತ್ರೆಯಿಂದ ಬರುವಾಗ ಕೈಕಾಲಿಗೆ ಸ್ವಲ್ಪ ಸ್ವಲ್ಪ ಜೀವ ಬಂದಿತ್ತು. ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಗಾಳಿ. ಶಬ್ದ ಒಳಗೇ ಉಂಟು, ಹೊರಗೆ ಬರುವ ದಾರಿ ಕಡಿದಿದೆ ಎಂದರು ಡಾಕ್ಟರು. ನಾನು ಬಟ್ಟೆಬರೆ ಕಟ್ಟಿಕೊಂಡು ಲಾಯಿಲಕ್ಕೆ ಹೋಗಿ ಅವರ ಜೊತೆ ಉಳಿದೆ.

ಮಾತು ಕಲಿಸುವ ಟೀಚರೊಬ್ಬರು ಮಂಗಳೂರಿನಿಂದ ದಿನಾ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಬರುವುದೆಂದು ಏರ್ಪಾಡಾಯಿತು. "ಮೊದಲ ತಿಂಗಳುಗಳೇ ಮುಖ್ಯ. ಒಂದು ದಿನವೂ ತಪ್ಪಿಸಬೇಡಿ" ಎಂದು ಅವರು ಕಡ್ಡಾಯ ಮಾಡಿದ್ದರು. ತಪ್ಪಿಸುವವರು ನಾವಲ್ಲ, ಲ್ಯಾಪ್‌ಟಾಪು! ಬಸ್ಸಿನ ಮಾಲಿಕರು ನಿವೃತ್ತಿಯ ದಿನ ಶಾಲಿನ ಬದಲು ಆಫೀಸಿನ ಮೂಲೆಯಲ್ಲಿದ್ದದ್ದನ್ನು ಕೊಟ್ಟು ಕೈಮುಗಿದ ಲ್ಯಾಪ್‌ಟಾಪು ಅದು. ಗುಂಡಿ ಒತ್ತಿದರೆ ಪರದೆಯ ಮೇಲೆ ಚುಕ್ಕಿಗಳು ತಿರುಗುತ್ತವೆ, ತಿರುಗುತ್ತವೆ, ತಿರುಗುತ್ತಲೇ ಇರುತ್ತವೆ. ಅದು ತೆರೆಯುವಷ್ಟರಲ್ಲಿ ಪಾಠ ಅರ್ಧ ಆಗಿರುತ್ತಿತ್ತು.

ಫೋನಿನಲ್ಲೂ ಮಾಡಿ ನೋಡಿದೆವು. ಟೀಚರ ತುಟಿ ಹೇಗೆ ತಿರುಗುತ್ತದೆಂದು ನೋಡಿ ಕಲಿಯಬೇಕು. ಫೋನಿನಲ್ಲಿ ಅವರ ಬಾಯಿ ಹುಣಸೆ ಬೀಜದಷ್ಟು ಕಾಣುತ್ತದೆ. ಹೊಸ ಲ್ಯಾಪ್‌ಟಾಪು ತರುವ ಎಂದೆ. ಮೈದುನ ನನ್ನನ್ನು ಹೇಗೆ ನೋಡಿದನೆಂದರೆ, ನಾನು ಎಮ್ಮೆಯನ್ನು ಕಸಾಯಿಖಾನೆಗೆ ಕೊಡುವ ಎಂದಿದ್ದೆನೋ ಎಂಬಂತೆ. "ಇಂಜಿನ್ ಸರಿ ಉಂಟು ಅತ್ತಿಗೆ. ಪಿಕಪ್ ಇಲ್ಲ, ಅಷ್ಟೆ."

ಚುಕ್ಕಿ ತಿರುಗುವಷ್ಟು ಹೊತ್ತು ಅವನೇನು ಮಾಡುತ್ತಿದ್ದ ಗೊತ್ತೇ? ಹೆಂಡತಿಯ ಪಕ್ಕ ನಿಂತು ಸ್ಟಾಪು ಕೂಗುತ್ತಿದ್ದ. "ಬೆಳ್ತಂಗಡಿ ಬಿಟ್ಟಿತು... ಗುರುವಾಯನಕೆರೆ... ಗರ್ಡಾಡಿ... ವೇಣೂರು, ವೇಣೂರು, ಯಾರಿದ್ದೀರಿ ವೇಣೂರು... ಪೆರಿಂಜೆ... ಹೊಸಂಗಡಿ..." ಲ್ಯಾಪ್‌ಟಾಪು ಎಷ್ಟು ತಡ ಮಾಡುತ್ತದೆಂದು ಅವನು ಅಳೆಯುವ ಕ್ರಮ ಅದು. "ಇವತ್ತು ಪೆರಿಂಜೆಗೆ ಬಂತು. ನಿನ್ನೆಗಿಂತ ವಾಸಿ" ಎಂದು ವರದಿ ಬೇರೆ! ಕೆಟ್ಟ ದಿನಗಳಲ್ಲಿ ಮೂಡುಬಿದಿರೆ ಮುಟ್ಟಿ, ಬಸ್ಸು ತಿರುಗಿಸಿ ಪುನಃ ಬೆಳ್ತಂಗಡಿಗೆ ಬಂದದ್ದೂ ಉಂಟು. ಓರಗಿತ್ತಿ ಕುರ್ಚಿಯಲ್ಲಿ ಕೂತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಟೀಚರು ಬಂದು ಬಾಳೆಹಣ್ಣಿನ ಚಿತ್ರ ತೋರಿಸಿ, "ಇದೇನು ಹೇಳಿ, ಬಾ... ಬಾ..." ಎಂದರೆ ತುಟಿ ನಡುಗಿಸಿ, ಏನೂ ಬಾರದೆ, ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಿದ್ದಳು.

ಕೊನೆಗೆ ಬಂಟ್ವಾಳಕ್ಕೆ ಹೋದೆವು. ಗಲ್ಫಿನಿಂದ ಮರಳಿ ಬಂದು ಕಂಪ್ಯೂಟರ್ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರೊಬ್ಬರು, ನಾವೆಲ್ಲ ಕಾಕ ಎಂದೇ ಕರೆಯುವವರು, ನಮಗೆ ಗುರುತು. ಅವರು ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೇಳಿ, "ಒಳಗೆ ತಿರುಗುವ ಡಿಸ್ಕ್ ಉಂಟು ಕಂಡಕ್ಟ್ರೆ. ಹಳತಾಗಿದೆ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕುವ. ಅದು ತಿರುಗುವುದೇ ಇಲ್ಲ" ಎಂದರು.

"ತಿರುಗದೆ ಓಡುವುದು ಹೇಗೆ?"

"ಓಡ್ಲಿಕ್ಕೇ ಇಲ್ಲ. ಕೇಳಿದ್ದು ಕೂತಲ್ಲೇ ಸಿಗ್ತದೆ."

"ಟಯರಿಲ್ಲದ ಬಸ್ಸು ಕೊಡ್ತೀರಾ ಕಾಕ ನಂಗೆ?"

ಹಳೆಯದರಲ್ಲಿ ಇದ್ದದ್ದನ್ನೆಲ್ಲ ಕಾಕ ಹೊಸದಕ್ಕೆ ಇಳಿಸಿದರು. ಒಮ್ಮೆ ಓಡಿಸಿಯೂ ತೋರಿಸಿದರು. ಅಲ್ಲೇ ಕೂರಿಸಿ ಕೊಡುತ್ತೇನೆಂದರೆ ಇವನು ಕೇಳಬೇಕಲ್ಲ? ಹೊಸ ಸಾಮಾನು, ಒಳ್ಳೆ ದಿನ ನೋಡಿ ತಾನೇ ಕೂರಿಸಬೇಕಂತೆ. ಬೀಡಿ ಕಟ್ಟಿನಷ್ಟು ಹಗುರದ ಆ ಡಬ್ಬಿಯನ್ನು ಎದೆಗೊತ್ತಿಕೊಂಡು ಊರಿಗೆ ಬಂದ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಮೇಜಿನ ಮೇಲೆ ಬಾಳೆಲೆ ಹಾಸಿ, ಲ್ಯಾಪ್‌ಟಾಪನ್ನು ಕವುಚಿ ಮಲಗಿಸಿದ. ಸ್ಕ್ರೂ ಬಿಚ್ಚಿದ. ಅಗರಬತ್ತಿ ಹಚ್ಚಿದ. ನಾಲ್ಕು ಮೂಲೆಗೆ ಲಿಂಬೆಹಣ್ಣು ಇಡಲು ಹೊರಟವನನ್ನು, "ಚಕ್ರ ಎಲ್ಲುಂಟು ಮಾರಾಯ ಅದಕ್ಕೆ?" ಎಂದು ನಾನೇ ತಡೆದೆ. ಲಿಂಬೆ ಬಿಟ್ಟ. ಗಂಧ ಬಿಡಲಿಲ್ಲ. ಹಣೆಗೆ ಗಂಧ ಹಚ್ಚದೆ ಹೊಸ ಬಸ್ಸನ್ನು ರಸ್ತೆಗಿಳಿಸಿದವನಲ್ಲ ಅವನು. ಆದರೆ ಈ ಡಬ್ಬಿಗೆ ಹಣೆ ಯಾವುದು? ತಿರುಗಿಸಿ ಮುರುಗಿಸಿ ನೋಡಿ, ಒಂದು ಬದಿಯಲ್ಲಿ ಹೊಳೆಯುವ ಚಿನ್ನದ ಬಣ್ಣದ ಹಲ್ಲು ಕಂಡು, "ಚಿನ್ನ ಇದ್ದ ಕಡೆಯೇ ಮುಖ" ಎಂದು ತೀರ್ಮಾನಿಸಿ, ಅಲ್ಲಿಗೆ ದಪ್ಪಗೆ ಗಂಧ ಬಳಿದು ಒಳಗೆ ಕೂರಿಸಿದ. ವಿಸಿಲ್. ವಿಸಿಲ್. "ರೈಟ್ ಪೋಯಿ!"

ಕಪ್ಪು ಪರದೆ. ಮೇಲೊಂದು ಇಂಗ್ಲಿಷ್ ಸಾಲು. ಹೊರಡಲು ಬೇಕಾದ ಡಿಸ್ಕೇ ಇಲ್ಲ ಎಂದು ಅದರ ಅಭಿಪ್ರಾಯ.

ಇಂಜಿನ್ ಬಿಸಿಯಾಗಿರಬೇಕೆಂದು ಬೀಸಣಿಗೆಯಿಂದ ಗಾಳಿ ಹಾಕಿದ. ಬ್ಯಾಟರಿ ತೆಗೆದು ಹಾಕಿದ. ಕಾಕನಿಗೆ ಫೋನು ಮಾಡಿದೆವು. "ಬಿಚ್ಚಿ ಪುನಃ ಒತ್ತಿ ಕೂರಿಸಿ" ಎಂದರು, ಕೂರಿಸಿದ. "ಸೆಟ್ಟಿಂಗಲ್ಲಿ ಡ್ರೈವಿನ ಹೆಸರು ಬರ್ತದಾ ನೋಡಿ" ಎಂದರು. ಹೆಸರೂ ಇಲ್ಲ, ಊರೂ ಇಲ್ಲ. ಹೋಗಲಿ ಎಂದು ಹಳೆಯದನ್ನೇ ಹಾಕಿದರೆ, ಈಗ ಅದೂ ಬರಲೊಲ್ಲದು! ಕುಂಟುತ್ತ ಪೆರಿಂಜೆಗಾದರೂ ಮುಟ್ಟುತ್ತಿದ್ದದ್ದು ಬೆಳ್ತಂಗಡಿ ಸ್ಟ್ಯಾಂಡಿನಲ್ಲೇ ಕೂತುಬಿಟ್ಟಿತು.

ಪಾಠ ನಿಂತಿತು. ತಪ್ಪಿಸಲೇಬಾರದೆಂದ ದಿನಗಳು ಒಂದರ ಹಿಂದೆ ಒಂದು ತಪ್ಪಿದವು. ಬೆಳಗಿನ ಹೊತ್ತಿಗೆ ಓರಗಿತ್ತಿ ತಾನಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಮುಚ್ಚಿದ ಲ್ಯಾಪ್‌ಟಾಪನ್ನು ನೋಡುವುದು, ಗಂಡನ ಕೊರಳಿನ ವಿಸಿಲನ್ನು ನೋಡುವುದು, ಎದ್ದು ಹೋಗುವುದು. ಅವನು ಊದಲಿಲ್ಲ. ಹೊರಡದ ಬಸ್ಸಿಗೆ ಊದಬಾರದಂತೆ. ಆ ವಿಸಿಲಿನಿಂದ ಮಂಡೆಬಿಸಿ ಮಾಡಿಕೊಂಡು ಅವನನ್ನು ಬೈದವಳು ನಾನು. ಅದು ಇಲ್ಲದ ಮನೆಯಲ್ಲಿ ಮಾತೂ ಇಲ್ಲ, ವಿಸಿಲೂ ಇಲ್ಲ, ಗಡಿಯಾರದ ಶಬ್ದ ಒಂದೇ.

"ನಾನೇ ಹಾಳು ಮಾಡಿದೆನಾ ಅತ್ತಿಗೆ?" ಎಂದು ಕೇಳಿದ ಒಂದು ಮಧ್ಯಾಹ್ನ, ಊಟದ ತಟ್ಟೆಯ ಎದುರು. "ಅವಳ ಮಾತು ಬರುವ ದಿನ ಈ ತಪ್ಪಿದ ದಿನಗಳಲ್ಲೇ ಇದ್ದಿದ್ರೆ?"

ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದೆ. "ಏಳು, ಬಂಟ್ವಾಳಕ್ಕೆ ಹೋಗುವ" ಎಂದೆ.

ಪಕ್ಕದ ಮನೆಯವರನ್ನು ಓರಗಿತ್ತಿಯ ಜೊತೆ ಕೂರಿಸಿ ಇಬ್ಬರೂ ಹೋದೆವು. ಕಾಕ ಡ್ರೈವನ್ನು ಹೊರಗೆ ತೆಗೆದರು. ಕನ್ನಡಕ ಏರಿಸಿದರು. ಆಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದರು.

"ಕಂಡಕ್ಟ್ರೆ, ಇದು ಪರಿಮಳ ಬರ್ತದಲ್ಲ!"

ಮೈದುನ ನೆಲ ನೋಡಿದ. "ಸ್ವಲ್ಪ ಗಂಧ ಹಚ್ಚಿದ್ದೆ."

"ಎಲ್ಲಿಗೆ?"

"ಹಣೆಗೆ."

"ಇದು ಹಣೆ ಅಲ್ಲ ಮಾರಾಯ್ರೆ, ಬಾಯಿ! ಇದು ಮಾತಾಡುವುದೇ ಈ ಹಲ್ಲಿನಿಂದ. ನೀವು ಅದರ ಬಾಯಿಗೇ ಗಂಧ ಮೆತ್ತಿದ್ರೆ ಅದು ಹೇಗೆ ಮಾತಾಡ್ಬೇಕು?" ಕಾಕ ಬೈಯುತ್ತಲೇ ಪೆನ್ಸಿಲ್ ಉಜ್ಜುವ ರಬ್ಬರನ್ನು ತೆಗೆದು ಆ ಹಲ್ಲುಗಳನ್ನು ಮೆಲ್ಲನೆ ಉಜ್ಜಿದರು. ಲ್ಯಾಪ್‌ಟಾಪಿನ ಒಳಗಿನ ಗೂಡಿನಲ್ಲೂ ಗಂಧ ಒಣಗಿ ಕೂತಿತ್ತು. ಅದಕ್ಕೇ ಹಳೆಯದೂ ಮುಷ್ಕರ ಹೂಡಿದ್ದು. ಬ್ರಷ್ಷಿಗೆ ಸ್ಪಿರಿಟ್ ಅದ್ದಿ ಅದನ್ನೂ ತೆಗೆದರು.

"ಇನ್ನು ಪೂಜೆ ಮಾಡ್ಬಾರ್ದಾ ಕಾಕ?"

"ಬೇಡ ಅಂತ ಹೇಳಿದೆನಾ ನಾನು? ಮಾಡಿ. ಮೇಲಿನ ಮುಚ್ಚಳಕ್ಕೆ ಮಾಡಿ." ಸ್ಕ್ರೂ ಬಿಗಿದು ಅವನ ಕೈಗಿಟ್ಟರು. "ಅಕ್ಕನಿಗೆ ಬೇಗ ಮಾತು ಬರ್ಲಿ. ನಾವೂ ದೇವರ ಹತ್ರ ಕೇಳಿಕೊಳ್ತೇವೆ."

ಮರುದಿನ ಬೆಳಿಗ್ಗೆ ಓರಗಿತ್ತಿ ಕುರ್ಚಿಯಲ್ಲಿ ಕೂತಳು. ಮೈದುನ ಗುಂಡಿ ಒತ್ತಿ, ಹಿಂದೆ ಸರಿದು, ಎರಡು ಸಲ ಊದಿದ. "ರೈಟ್ ಪೋಯಿ! ಬೆಳ್ತಂಗಡಿ ಬಿಟ್ಟಿತು... ಗುರುವಾಯನಕೆರೆ... ಗರ್ಡಾಡಿ..."

ಅಷ್ಟೇ. ಲ್ಯಾಪ್‌ಟಾಪು ತೆರೆದು ಕೂತಿತ್ತು! ಚುಕ್ಕಿಯೂ ಇಲ್ಲ, ತಿರುಗುವುದೂ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಅವನು ಮಾತ್ರ ಅರ್ಧ ದಾರಿಯಲ್ಲಿ ಬಸ್ಸು ಇಳಿಸಿ ಹೋದವನ ಹಾಗೆ ಬಾಯಿ ತೆರೆದು ನಿಂತ. ಆಮೇಲೆ ಬಾಯಿ ಮುಚ್ಚಿ, ಬಗ್ಗಿ, ಟೀಚರನ್ನು ಕರೆದ. ಅವರು ನಗುತ್ತ ಬಂದರು, ಕೈಯಲ್ಲಿ ಅದೇ ಬಾಳೆಹಣ್ಣಿನ ಚಿತ್ರ.

ಓರಗಿತ್ತಿ ಚಿತ್ರ ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು, ಏನನ್ನೋ ಕಾಯುವ ಹಾಗೆ. ಅವನ ಅಂಗಿಯ ತುದಿ ಹಿಡಿದು ಎಳೆದಳು.

"ಎಂತ? ನೀರು ಬೇಕಾ?"

ಅಲ್ಲ ಎಂದು ತಲೆಯಾಡಿಸಿದಳು. ಇನ್ನೊಮ್ಮೆ ಎಳೆದಳು. ಅವಳ ಹುಬ್ಬು ಗಂಟಿಕ್ಕಿತು. ಹಿಂದೆಲ್ಲ ನಮಗೆ ಬೈಯುವ ಮೊದಲು ಬರುತ್ತಿದ್ದ ಗಂಟು ಅದು. ತುಟಿ ಒಂದು ಕಡೆಗೆ ವಾಲಿತು. ಕುತ್ತಿಗೆಯ ನರ ಎದ್ದಿತು.

"ವೇ..."

ನಾನು ಹಿಡಿದಿದ್ದ ಲೋಟವನ್ನು ಹಾಗೇ ಹಿಡಿದುಕೊಂಡೆ.

"ವೇ... ಣೂ... ರು."

ಟೀಚರಿಗೆ ಅದು ಕೇಳಿಸಲಿಲ್ಲವೆಂದು ಕಾಣುತ್ತದೆ. "ಹಲೋ, ನನ್ನ ಸ್ವರ ಕೇಳ್ತಾ ಉಂಟಾ? ಶುರು ಮಾಡುವ ಅಲ್ವಾ?" ಎಂದು ಅವರು ಒಳಗಿನಿಂದ ಕರೆಯುತ್ತಿದ್ದರು.

ಮೈದುನ ವಿಸಿಲನ್ನು ಬಾಯಿಗಿಟ್ಟ. ಮೊದಲ ಸಲ ಬರೀ ಗಾಳಿ ಬಂತು. ಪುನಃ ಊದಿದ. ಒಂದೇ ಸಲ.

"ಸ್ವಲ್ಪ ತಡೀರಿ ಮೇಡಂ" ಎಂದ. "ಇಲ್ಲಿ ಜನ ಹತ್ತುವವರಿದ್ದಾರೆ."