ನಮ್ಮ ಗೋಡೆಯ ಕಣ್ಣುಗಳು

ಬದುಕಿನಲ್ಲಿ ಒಮ್ಮೆಯಾದರೂ ನೆರೆಕರೆಯವರ ಹೊಟ್ಟೆ ಉರಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನನಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಸಿದ್ಧಕಟ್ಟೆಯಲ್ಲಿ ನಮ್ಮ ಎಡಕ್ಕೆ ದುಬೈಯವರ ಮನೆ, ಬಲಕ್ಕೆ ಮಸ್ಕತ್ತಿನವರ ಮನೆ. ದುಬೈ ಮನೆಯ ಗೇಟಿನ ಮೇಲೆ ಸಿಂಹಗಳು, ಮಸ್ಕತ್ತಿನವರ ಅಂಗಳದಲ್ಲಿ ಕಾರಂಜಿ. ನಡುವೆ ಹೈಸ್ಕೂಲು ಮೇಷ್ಟ್ರಾದ ನನ್ನ ಮನೆ. ದಾರಿ ಹೇಳುವವರು ಕೂಡ "ಸಿಂಹದ ಮನೆ ಆದ ಮೇಲೆ ಕಾರಂಜಿ ಮನೆ" ಎನ್ನುತ್ತಾರೆ, ನನ್ನದನ್ನು ನುಂಗಿಬಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹೀಗಿರುವಾಗ ನನ್ನ ಹೆಂಡತಿಯ ಅಣ್ಣನ ಮಗಳು ಸುಪ್ರೀತಾ ನಮ್ಮ ಹಾಲ್‌ನ ಬೋಳು ಗೋಡೆ ನೋಡಿದಳು. ಅವಳು ಮೂಡುಬಿದಿರೆಯಲ್ಲಿ ವಾಲ್‌ಪೇಪರಿಗೆ ಚಿತ್ರ ಬಿಡಿಸುವ ಕಲಾವಿದೆ. "ಮಾವ, ಇಲ್ಲಿಗೆ ನಾನೊಂದು ಮಾಡಿ ಕೊಡ್ತೇನೆ. ಇಂಥದ್ದು ಇಡೀ ತಾಲೂಕಿನಲ್ಲಿ ಯಾರ ಮನೆಯಲ್ಲೂ ಇಲ್ಲ" ಎಂದಳು. ಆ ಕೊನೆಯ ಮಾತಿಗೇ ನಾನು ಬಿದ್ದೆ. ಅವಳ ಜೊತೆ ಓದಿದ ಘಾನಾದ ಗೆಳತಿಯ ಬಟ್ಟೆಗಳಿಂದ ಹೊಳೆದ ಚಿತ್ತಾರವಂತೆ. ಅರಶಿನ ಬಣ್ಣದ ಮೇಲೆ ಅಂಕುಡೊಂಕು ಕಪ್ಪು ಗೆರೆಗಳು, ಕೆಂಪು ತ್ರಿಕೋನಗಳು, ಪ್ರತಿ ತ್ರಿಕೋನದಲ್ಲೂ ಅಗಲವಾಗಿ ತೆರೆದ ಒಂದು ಕಣ್ಣು. ನೆಲದಿಂದ ಮಾಡಿನವರೆಗೆ ಕಣ್ಣೇ ಕಣ್ಣು. ಪರೀಕ್ಷಾ ಕೋಣೆಯಲ್ಲಿ ಇಂಥ ಗೋಡೆಯೊಂದಿದ್ದರೆ ನಾನು ನೆಮ್ಮದಿಯಾಗಿ ತೂಕಡಿಸಬಹುದಿತ್ತು.

ವಾಲ್‌ಪೇಪರ್ ಅಂಟಿಸಿದ ಮರುದಿನವೇ ದುಬೈ ಮನೆಯ ಗಿರಿಜಕ್ಕನನ್ನು ಚಾಕ್ಕೆ ಕರೆದೆ. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಉರಿ ಹತ್ತಿಕೊಂಡಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. "ಒಳ್ಳೆ ಕೆಲಸ ಮಾಡಿದಿರಿ ಮಾಷ್ಟ್ರೇ! ದೃಷ್ಟಿಗೆ ಅಂತ ನಾವು ಬರೀ ಒಂದು ಕುಂಬಳಕಾಯಿ ಕಟ್ಟಿದ್ದು. ಇಷ್ಟು ಕಣ್ಣು ಇರುವಾಗ ಯಾರ ದೃಷ್ಟಿ ತಾಗುತ್ತದೆ ಮಾರಾಯ್ರೇ?" ಎಂದರು. ಇದು ಕಲೆ, ಇದರ ಮೂಲ ಆಫ್ರಿಕಾ ಎಂದು ಪಾಠವನ್ನೇ ಮಾಡಿದೆ. "ಅಷ್ಟು ದೂರದ್ದಾ? ಹಾಗಾದರೆ ಭಾರೀ ಪವರ್ ಇರಬೇಕು" ಎಂದು ಮೊಮ್ಮಗುವನ್ನು ಎತ್ತಿಕೊಂಡು ಬಂದು ಗೋಡೆಯೆದುರು ಹಿಡಿದರು. ಮಗು ಒಮ್ಮೆ ಕಿಟಾರನೆ ಕಿರುಚಿತು. ಅವತ್ತು ಮಾತ್ರ ರಗಳೆಯಿಲ್ಲದೆ ಉಂಡಿತಂತೆ. ಸುದ್ದಿ ಹಬ್ಬಲು ಅಷ್ಟು ಸಾಕಾಯಿತು. ಮಸ್ಕತ್ತಿನವರ ಹೊಸ ಕಾರು ನಮ್ಮ ಕಿಟಕಿಗೆ ಮುಖ ಮಾಡಿ ನಿಂತಿತು. ಕನ್ಯಾನದಿಂದ ಒಬ್ಬಳು ಮದುಮಗಳು ಬಂದಳು. ಹಾಲು ಕಡಿಮೆಯಾದ ದನದ ಫೋಟೋವನ್ನು ಒಬ್ಬರು ಮೊಬೈಲಿನಲ್ಲಿ ಗೋಡೆಗೆ ತೋರಿಸಿ ಹೋದರು. ಬಂದವರಿಗೆಲ್ಲ ಚಾ ಮಾಡಿ ನನ್ನ ಹೆಂಡತಿ ಸೋತಳು. ಯಾರು ಎಲ್ಲಿ ನಿಲ್ಲಬೇಕೆಂಬ ಉಸ್ತುವಾರಿಯನ್ನು ನಮ್ಮ ಜೊತೆಗೇ ಇರುವ ಅತ್ತೆಯವರು ವಹಿಸಿಕೊಂಡರು. ಸುಪ್ರೀತಾ ಮೊದಲು ಮುಖ ಸಣ್ಣ ಮಾಡಿದವಳು, ಆಮೇಲೆ ಫೋನಿನಲ್ಲಿ ನಕ್ಕಳು. "ಮಾವ, ಸಿಂಹದ ಮನೆಯಿಂದಲೂ ಆರ್ಡರ್ ಬಂದುಂಟು. ಕಣ್ಣು ಸ್ವಲ್ಪ ದೊಡ್ಡದು ಬೇಕಂತೆ!"

ಮೊನ್ನೆ ನನಗೆ ತಲೆ ಸುತ್ತಿತು, ಊಟ ಸೇರಲಿಲ್ಲ. ಇದು ದೃಷ್ಟಿಯೇ ಎನ್ನಿಸಿ, ನಿಜ ಹೇಳುತ್ತೇನೆ, ಸಂತೋಷವಾಯಿತು. ಅಂತೂ ಯಾರೋ ನನ್ನನ್ನು ಕಂಡು ಕರುಬಿದ್ದಾರೆ! ಯಾರೂ ಇಲ್ಲದ ಹೊತ್ತು ನೋಡಿ ಗೋಡೆಯೆದುರು ನಿಂತೆ. ಅತ್ತೆ ಅಡುಗೆಮನೆಯಿಂದ ಇಣುಕಿದರು.

"ಎಂತಾಯಿತು ನಿಮಗೆ?"

"ದೃಷ್ಟಿ ತಾಗಿದ ಹಾಗೆ ಉಂಟು."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗಾ? ನಿಮಗೆ ಯಾರು ದೃಷ್ಟಿ ಹಾಕ್ತಾರೆ? ಅದು ನಿನ್ನೆ ತಿಂದ ಹಲಸಿನ ಗಟ್ಟಿ. ಬನ್ನಿ, ಶುಂಠಿ ಕಷಾಯ ಕೊಡ್ತೇನೆ."

ಹೋಗುವ ಮೊದಲು, ಇಷ್ಟು ಕಣ್ಣುಗಳಲ್ಲಿ ಒಂದಾದರೂ ನನ್ನ ಕಡೆಗಿದೆಯೇ ಎಂದು ತಿರುಗಿ ನೋಡಿದೆ. ಎಲ್ಲವೂ ನನ್ನ ತಲೆಯ ಮೇಲಿಂದ, ಕಿಟಕಿಯಾಚೆಯ ಸಿಂಹಗಳನ್ನೇ ನೋಡುತ್ತಿದ್ದವು.